ಕೋರ್ಟಿನ ಒಳಗೆ ಉಬುಂಟು, ಹೊರಗೆ ವಿಂಡೋಸ್

ಸೇಡಂ, ಚಿತ್ತಾಪುರ, ಚಿಂಚೋಳಿ. ಮೂರೂ ಊರುಗಳಲ್ಲಿ ಕೋರ್ಟಿನ ಆಸುಪಾಸಿನ ಅಂಗಡಿಗಳ ಕೆಲಸ ಹೆಚ್ಚುಕಡಿಮೆ ಒಂದೇ: ಝೆರಾಕ್ಸ್, ಟೈಪಿಂಗ್, ಪಹಣಿ, ಪಾಸ್‌ಪೋರ್ಟ್ ಸೈಜಿನ ಫೋಟೊ. ಟೈಪಿಂಗ್ ಮೇಜಿನ ಕಂಪ್ಯೂಟರಿನಲ್ಲಿ ವಿಂಡೋಸ್, ಅದರೊಳಗೆ ಕನ್ನಡ ಬರೆಯುವ ತಂತ್ರಾಂಶ ನುಡಿ. ಅಲ್ಲಿ ತಯಾರಾದ ಅಫಿಡವಿಟ್ಟು ಕೋರ್ಟಿನೊಳಗೆ ಹೋದರೆ, ಅಲ್ಲಿನ ಸಿಬ್ಬಂದಿ ತರಬೇತಿ ಪಡೆದಿರುವುದು ಬೇರೆಯದೇ ವ್ಯವಸ್ಥೆಯ ಮೇಲೆ. ದೇಶದ ಜಿಲ್ಲಾ ಮತ್ತು ತಾಲೂಕು ನ್ಯಾಯಾಲಯಗಳಿಗೆಂದು ಸುಪ್ರೀಂ ಕೋರ್ಟಿನ ಇ-ಸಮಿತಿ ಆರಿಸಿಕೊಂಡದ್ದು ಉಬುಂಟು ಲಿನಕ್ಸ್. ಪ್ರಕರಣಗಳನ್ನು ದಾಖಲಿಸುವ ಸಿಐಎಸ್ ಕೂಡ ಮುಕ್ತ ತಂತ್ರಾಂಶಗಳ ಮೇಲೆಯೇ ಕಟ್ಟಿದ್ದು.

ವಿಂಡೋಸ್ ಬಿಡುವ ಮಾತು ಬಂದಾಗಲೆಲ್ಲ ‘ಅದೆಲ್ಲ ಕಂಪ್ಯೂಟರ್ ಓದಿದವರಿಗ್ರಿ’ ಎನ್ನುವವರು ಈ ಕೋರ್ಟುಗಳನ್ನು ಒಮ್ಮೆ ನೆನೆಯಬೇಕು. ಶಿರಸ್ತೇದಾರರು, ಬೆಂಚ್ ಕ್ಲರ್ಕುಗಳು, ಬೆರಳಚ್ಚುಗಾರರು, ಕೊನೆಗೆ ನ್ಯಾಯಾಧೀಶರು. ಇವರಲ್ಲಿ ಯಾರೂ ತಂತ್ರಜ್ಞರಲ್ಲ. ಇ-ಕೋರ್ಟ್ಸ್ ಯೋಜನೆ 2007ರಲ್ಲಿ ಶುರುವಾಯಿತು. ಉಬುಂಟು ಮತ್ತು ಸಿಐಎಸ್ ಎರಡನ್ನೂ ಜೊತೆಯಾಗಿ ಕಲಿಸಲು ನ್ಯಾಯಾಂಗದೊಳಗಿನವರನ್ನೇ ಮಾಸ್ಟರ್ ಟ್ರೇನರ್‌ಗಳನ್ನಾಗಿ ತಯಾರು ಮಾಡಿದರು. ಯಾರ ಇಷ್ಟವನ್ನೂ ಕೇಳಲಿಲ್ಲ. ಆದೇಶ ಬಂತು, ಕಲಿತರು. 2023ರಲ್ಲಿ 7,210 ಕೋಟಿ ರೂಪಾಯಿಯ ಮೂರನೇ ಹಂತಕ್ಕೂ ಒಪ್ಪಿಗೆ ಸಿಕ್ಕಿತು. ಸರ್ಕಾರಿ ಆದೇಶವಿಲ್ಲದ, ಕಲಿಸುವವರೂ ಇಲ್ಲದ ಎದುರಿನ ಅಂಗಡಿಯವರಿಗೆ ಅದೇ ದಾರಿ ಯಾಕೆ ದೂರ ಉಳಿಯಿತು ಎಂಬುದನ್ನು ನೋಡಬೇಕಿದೆ, ಏಕೆಂದರೆ ಈಗ ಅವರ ಮೇಲೂ ಒತ್ತಡ ಬಿದ್ದಿದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಬೆಂಬಲ ಮುಗಿಯಿತೆಂದರೆ ಕಂಪ್ಯೂಟರ್ ನಿಂತುಹೋಗುವುದಿಲ್ಲ. ಮರುದಿನವೂ ಎಂದಿನಂತೆ ಆನ್ ಆಗುತ್ತದೆ. ಭದ್ರತೆಯ ತೂತು ಮುಚ್ಚುವ ಅಪ್‌ಡೇಟ್ ಮಾತ್ರ ಬರುವುದಿಲ್ಲ. ಹೆಸರು ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ವಾಯಿದೆ ಉಂಟು. ಹಾಗಾದರೆ ವಿಂಡೋಸ್ 11 ಹಾಕಿಸಿಕೊಂಡರಾಯಿತಲ್ಲ ಎಂದರೆ, ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರು ಅಥವಾ ಅದಕ್ಕೂ ಹೊಸ ಪ್ರೊಸೆಸರ್ ಕೇಳುತ್ತದೆ. ಅಂದರೆ 2017ಕ್ಕಿಂತ ಹಿಂದಿನ ಯಂತ್ರಗಳು ಬಹುಪಾಲು ಹೊರಗೆ. ಇದರಿಂದ ಜಗತ್ತಿನಲ್ಲಿ 24 ಕೋಟಿ ಕಂಪ್ಯೂಟರುಗಳು ಮೂಲೆಗೆ ಬೀಳಬಹುದೆಂದು ಮಾರುಕಟ್ಟೆ ವಿಶ್ಲೇಷಣಾ ಸಂಸ್ಥೆ ಕೆನಾಲಿಸ್ 2023ರಲ್ಲೇ ಅಂದಾಜು ಮಾಡಿತ್ತು.

ನಮ್ಮ ಭಾಗದ ಯಂತ್ರಗಳು ಎಂಥವು? ವಾಡಿ ಜಂಕ್ಷನ್‌ನಿಂದ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ರೈಲು ಸಿಕಂದರಾಬಾದಿಗೆ ಹೋಗುತ್ತದೆ. ಅಲ್ಲಿನ ಚೆನಾಯ್ ಟ್ರೇಡ್ ಸೆಂಟರ್, ಅಂದರೆ ಎಲ್ಲರ ಬಾಯಲ್ಲಿರುವ ಸಿಟಿಸಿ, ಕಂಪನಿಗಳು ಬಳಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಡಬ್ಬಿಗಳ ದೊಡ್ಡ ಸಂತೆ. ಒಂದು ಸಂಸಾರದ ಮೊದಲ ಕಂಪ್ಯೂಟರ್ ಅಂಥಲ್ಲಿಂದಲೋ ಕಲಬುರಗಿಯ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದಲೋ ಬಂದಿರುವುದೇ ಹೆಚ್ಚು. ವಾಡಿ, ಶಹಾಬಾದ್ ಕಡೆ ಅದರ ಫ್ಯಾನಿಗೆ ಸಿಮೆಂಟು ಮತ್ತು ಕಲ್ಲಿನ ಪುಡಿ ಬೇರೆ ಮೆತ್ತಿಕೊಳ್ಳುತ್ತದೆ. ಒಂದು ದಿನ ‘ಸಿಸ್ಟಂ ಭಾಳ ಸ್ಲೋ ಆಗೇದ, ಫಾರ್ಮ್ಯಾಟ್ ಹೊಡೀರಿ’ ಎಂದು ಅಂಗಡಿಗೆ ಒಯ್ಯುತ್ತಾರೆ. ಕೆಲವು ನೂರು ರೂಪಾಯಿಗೆ ಹೊಸ ವಿಂಡೋಸ್ ಕೂತಿರುತ್ತದೆ. ಅದು ಅಸಲಿಯೋ ಕ್ರ್ಯಾಕ್ ಮಾಡಿದ್ದೋ ಎಂದು ಯಾರೂ ಕೇಳುವುದಿಲ್ಲ, ಅಂಗಡಿಯವನೂ ಹೇಳುವುದಿಲ್ಲ. ಹೀಗಿರುವಾಗ ‘ಲಿನಕ್ಸ್ ಪುಕ್ಕಟೆ’ ಎಂದು ಸಾರುವುದರಲ್ಲಿ ಅರ್ಥವಿಲ್ಲ. ಬೆಂಗಳೂರಿನಿಂದ ಬಂದು ಮುಕ್ತ ತಂತ್ರಾಂಶದ ಭಾಷಣ ಮಾಡುವವರು ತಪ್ಪುವುದು ಇಲ್ಲೇ. ಇಲ್ಲಿಯವರು ವಿಂಡೋಸಿಗೂ ದುಡ್ಡು ಕೊಟ್ಟವರಲ್ಲ. ಅವರು ಕೇಳುವ ಪ್ರಶ್ನೆ ಒಂದೇ: ‘ಇದರಾಗ ನುಡಿ ಬರ್ತದೇನ್ರಿ?’

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಂಡ ಲಿನಕ್ಸ್ ಪ್ರಚಾರಕರೆಲ್ಲ ಸೋತಿದ್ದಾರೆ. ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಈ ಶತಮಾನದ ಆರಂಭದಿಂದ ಸರ್ಕಾರಿ ಕಚೇರಿಗಳ ಕನ್ನಡವನ್ನು ಹೊತ್ತುಕೊಂಡು ಬಂದಿದೆ. ನುಡಿಯಲ್ಲಿ ಎರಡು ಬೇರೆಬೇರೆ ಸಂಗತಿಗಳಿವೆ, ಬಳಸುವವರ ಲೆಕ್ಕದಲ್ಲಿ ಅವೆರಡೂ ಒಂದೇ ಆಗಿಬಿಟ್ಟಿವೆ. ಒಂದು ಕೀಲಿಮಣೆಯ ವಿನ್ಯಾಸ. ಇದರ ಮೂಲ ಕೆ.ಪಿ. ರಾವ್ ಅವರದು. ಇನ್ನೊಂದು ಹಳೆಯ ಫಾಂಟುಗಳು. ಕೀಲಿಮಣೆಯ ಮಟ್ಟಿಗೆ ಲಿನಕ್ಸಿನಲ್ಲಿ ಕಷ್ಟವೇ ಇಲ್ಲ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಭಾರತೀಯ ಭಾಷೆಗಳ ಪಟ್ಟಿ ತೆಗೆದರೆ ‘ಕಗಪ’ ಎಂಬ ಹೆಸರಿನಲ್ಲಿಯೇ ಅದು ಕೂತಿದೆ, ಬೇರೆ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ‘ಕನ್ನಡ’ ಎಂದು ಮೂಡಿಸಲು ನುಡಿಯಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತುತ್ತಿದ್ದ ಬೆರಳು ಇಲ್ಲಿಯೂ ಅವನ್ನೇ ಒತ್ತುತ್ತದೆ. ಎಫ್ ಅಂದರೆ ಒತ್ತಕ್ಷರ, ಕ್ಯೂ ಅಂದರೆ ಟ. ವರ್ಷಗಟ್ಟಲೆ ಟೈಪಿಂಗ್ ಮಾಡಿದವರು ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ.

ತೊಡಕಿರುವುದು ಫಾಂಟಿನಲ್ಲಿ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಂಥವು. ಪರದೆಯ ಮೇಲೆ ‘ಕನ್ನಡ’ ಎಂದು ಕಂಡರೂ ಕಡತದೊಳಗೆ ನಿಜವಾಗಿ ಇರುವುದು ಪಿ ಅಕ್ಷರ, ಬ್ರಿಟಿಷ್ ಪೌಂಡಿನ ಗುರುತು, ಕ್ಯೂ ಅಕ್ಷರ, ನಡುನಡುವೆ ತಲೆಯ ಮೇಲೆ ಗೆರೆ ಹೊತ್ತ ಎ-ಗಳು. ಫಾಂಟು ಇರುವ ತನಕ ಅದು ಕನ್ನಡ. ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಪೌಂಡು, ಪಿ, ಕ್ಯೂಗಳ ರಾಶಿ. ಲಿನಕ್ಸಿಗೆ ಹೊಸದಾಗಿ ಬಂದವರು ಹಳೆಯ ಕರಾರುಪತ್ರವೊಂದನ್ನು ತೆರೆದು ಇದನ್ನು ಕಂಡರೆ ‘ಲಿನಕ್ಸಿನಾಗ ಕನ್ನಡ ಬರಂಗಿಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಅದೇ ಕಡತ ಅದೇ ರಾಶಿಯಾಗಿ ಕಾಣುವುದು ನುಡಿ ಹಾಕಿರದ ವಿಂಡೋಸಿನಲ್ಲಿಯೂ, ಮೊಬೈಲಿನಲ್ಲಿಯೂ. ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ. ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಜಗತ್ತಿಗೆ ತಿಳಿಸಿದ್ದೂ ಅದೇ ವರ್ಷ. ರಾಜ್ಯ ಸರ್ಕಾರ ಯೂನಿಕೋಡನ್ನು ಒಪ್ಪಿ ದಶಕ ದಾಟಿದೆ, ನುಡಿಯ ಹೊಸ ಆವೃತ್ತಿಗಳೂ ಯೂನಿಕೋಡಿನಲ್ಲಿ ಬರೆಯುತ್ತವೆ. ಆದರೂ ಶಾಲೆಯ ಪ್ರಶ್ನೆಪತ್ರಿಕೆಯಿಂದ ಹಿಡಿದು ಮದುವೆ ಕಾರ್ಡಿನವರೆಗೆ ‘ನುಡಿ 01 ಇ’ ಓಡಾಡುತ್ತಲೇ ಇದೆ.

ತಾತ್ಕಾಲಿಕ ಉಪಾಯ ಸುಲಭ. ಹಳೆಯ ವಿಂಡೋಸಿನ ಫಾಂಟ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಪೆನ್‌ಡ್ರೈವಿಗೆ ಎತ್ತಿಕೊಂಡು ಲಿನಕ್ಸಿನಲ್ಲಿ ಒಂದೊಂದನ್ನೇ ತೆರೆದು ಇನ್‌ಸ್ಟಾಲ್ ಒತ್ತಿದರೆ, ಲಿಬ್ರೆ ಆಫೀಸಿನಲ್ಲಿ ಹಳೆಯ ಕಡತಗಳು ಕನ್ನಡವಾಗಿಯೇ ತೆರೆದುಕೊಳ್ಳುತ್ತವೆ, ಪ್ರಿಂಟೂ ಬರುತ್ತದೆ. ಶಾಶ್ವತ ಉಪಾಯವೆಂದರೆ ಯೂನಿಕೋಡಿಗೆ ಪರಿವರ್ತನೆ. ಅದಕ್ಕೆ ಉಚಿತ ಪರಿವರ್ತಕಗಳಿವೆ. ಪರಿವರ್ತಕಗಳು ಅರ್ಕಾವತ್ತನ್ನು ಕೆಲವೊಮ್ಮೆ ತಪ್ಪು ಅಕ್ಷರಕ್ಕೆ ಅಂಟಿಸುತ್ತವೆ, ನಡುವೆ ಬಂದ ಇಂಗ್ಲಿಷ್ ಹೆಸರನ್ನೂ ಕನ್ನಡ ಮಾಡಿ ಕಲಸಿಬಿಡುತ್ತವೆ. ಕ್ರಯಪತ್ರದ ಕರಡಾದರೆ ಸರ್ವೆ ನಂಬರು, ಚಕಬಂದಿ, ಮೊತ್ತ ಇವನ್ನು ಸಾಲು ಹಿಡಿದು ಓದಲೇಬೇಕು. ನನ್ನ ಅನಿಸಿಕೆ ಇಷ್ಟು: ಈ ಕೆಲಸವನ್ನು ಮೊದಲು ವಿಂಡೋಸಿನಲ್ಲಿದ್ದಾಗಲೇ ಮಾಡಿ ಮುಗಿಸಬೇಕು. ಯೂನಿಕೋಡಿಗೆ ದಾಟಿದವರಿಗೆ ಲಿನಕ್ಸ್ ಒಂದು ವಾರದ ಮುಜುಗರ. ದಾಟದವರಿಗೆ ವಿಂಡೋಸ್ 11 ಕೂಡ ಪರಿಹಾರವಲ್ಲ.

ಶಹಾಬಾದಿನಲ್ಲಿ ಇದೇ ಕತೆಗೆ ಇನ್ನೊಂದು ಲಿಪಿ ಸೇರುತ್ತದೆ. ಉರ್ದು ಮದುವೆ ಪತ್ರಿಕೆ, ಪೋಸ್ಟರುಗಳು ತಯಾರಾಗುವುದು ಇನ್‌ಪೇಜಿನಲ್ಲಿ. ಅದೂ ವಿಂಡೋಸಿನದೇ ತಂತ್ರಾಂಶ. ಡಿಟಿಪಿ ಮಾಡುವವರ ಇನ್ನೊಂದು ಆಧಾರ ಕೋರೆಲ್‌ಡ್ರಾ. ಅದೂ ಲಿನಕ್ಸಿಗೆ ಸಿಗುವುದಿಲ್ಲ. ಫ್ಲೆಕ್ಸ್ ಹೊಡೆಯುವ ಅಂಗಡಿಯವರಿಗೆ ಇಂಕ್‌ಸ್ಕೇಪ್ ಕಲಿಯಿರಿ ಎಂದು ಹೇಳುವುದು ಸುಲಭ, ಗಿರಾಕಿ ಎದುರು ನಿಂತಿರುವಾಗ ಕಲಿಯುವುದು ಕಷ್ಟ. ಅವರು ವಿಂಡೋಸನ್ನೇ ಇಟ್ಟುಕೊಳ್ಳಲಿ.

ತೊಗರಿ ಅಡತಿ, ದಾಲ್‌ಮಿಲ್, ಫರ್ಸಿ ಪಾಲಿಶ್, ಸಿಮೆಂಟ್ ಸಾಗಿಸುವ ಲಾರಿ ಕಚೇರಿ. ಇವುಗಳ ಲೆಕ್ಕವೆಲ್ಲ ಟ್ಯಾಲಿಯಲ್ಲಿ. ಟ್ಯಾಲಿ ಬೆಂಗಳೂರಿನ ಕಂಪನಿಯದೇ ಆದರೂ ವಿಂಡೋಸಿಗಾಗಿಯೇ ಮಾಡಿದ್ದು. ಗ್ರಾಮ ಒನ್ ಮತ್ತು ಸೇವಾ ಕೇಂದ್ರಗಳವರಿಗೆ ಇನ್ನೊಂದು ತಡೆ: ಆಧಾರ್ ಬೆರಳಚ್ಚು ಯಂತ್ರಕ್ಕೆ ಬೇಕಾದ ಆರ್‌ಡಿ ಸರ್ವಿಸ್ ಸಾಮಾನ್ಯವಾಗಿ ವಿಂಡೋಸಿಗೆ, ಆಂಡ್ರಾಯ್ಡಿಗೆ ಮಾತ್ರ ಬರುತ್ತದೆ. ಪ್ರಿಂಟರಿನ ವಿಷಯದಲ್ಲಿ ಅದೃಷ್ಟ ನೋಡಬೇಕು. ಎಚ್‌ಪಿಯ ಬಹಳಷ್ಟು ಮಾದರಿಗಳು ಕೇಬಲ್ ಚುಚ್ಚಿದ ಕೂಡಲೇ ಗುರುತು ಹಿಡಿಯುತ್ತವೆ. ಝೆರಾಕ್ಸ್ ಅಂಗಡಿಗಳ ಹಳೆಯ ಸಂಗಾತಿ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಅಷ್ಟು ಬೇಗ ಒಲಿಯುವುದಿಲ್ಲ.

ಹಾಗಾದರೆ ವಿಂಡೋಸ್ ಬಿಡಬಹುದಾದವರು ಯಾರು? ಲೆಕ್ಕ ಹಾಕಿದರೆ ಬಹಳ ಜನ. ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ ತುಂಬುವ ಮುಖ್ಯಶಿಕ್ಷಕರು, ಪಹಣಿ ತೆಗೆಯುವವರು, ಸೇವಾಸಿಂಧುವಿನಲ್ಲಿ ಅರ್ಜಿ ಹಾಕುವವರು, 371(ಜೆ) ಪ್ರಮಾಣಪತ್ರಕ್ಕೆ ಓಡಾಡುವ ವಿದ್ಯಾರ್ಥಿಗಳು, ಯೂಟ್ಯೂಬಿನಲ್ಲಿ ಪಾಠ ಕೇಳಿ ಕೆಪಿಎಸ್‌ಸಿಗೆ ಓದುವವರು. ಇವರ ಕೆಲಸವೆಲ್ಲ ಬ್ರೌಸರಿನೊಳಗೇ ಮುಗಿಯುತ್ತದೆ. ಅವರ ಜೇಬಿನ ಆಂಡ್ರಾಯ್ಡ್ ಫೋನಿನ ತಿರುಳು ಕೂಡ ಲಿನಕ್ಸೇ. ಅದನ್ನು ಯಾರೂ ತರಬೇತಿ ಪಡೆದು ಬಳಸಿದ್ದಲ್ಲ.

ಕನ್ನಡದ ಮಕ್ಕಳು ಸಾಲುಸಾಲಾಗಿ ಲಿನಕ್ಸ್ ಕಲಿತು ದೊಡ್ಡವರಾದ ಉದಾಹರಣೆ ಹತ್ತಿರದಲ್ಲೇ ಇದೆ, ಆದರೆ ಕರ್ನಾಟಕದ ಗಡಿಯಾಚೆ. ಕೇರಳದ ಶಾಲೆಗಳು ಐಟಿ@ಸ್ಕೂಲ್ ಯೋಜನೆಯ ಕಾಲದಿಂದ ಮುಕ್ತ ತಂತ್ರಾಂಶದ ಮೇಲೆಯೇ ನಿಂತಿವೆ. ಈಗ ಅದನ್ನು ನಡೆಸುವ ಕೈಟ್ ಸಂಸ್ಥೆ ಉಬುಂಟುವನ್ನೇ ಶಾಲೆಗಳಿಗೆ ಒಗ್ಗಿಸಿ ತನ್ನದೇ ಆವೃತ್ತಿ ಹೊರತರುತ್ತದೆ. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಹೊಸ ಆವೃತ್ತಿ ಹಾಕುವಾಗ ಪರವಾನಗಿಯ ಖರ್ಚಿನಲ್ಲಿ 3,000 ಕೋಟಿ ರೂಪಾಯಿ ಉಳಿತಾಯವೆಂದು ಅದು ಲೆಕ್ಕ ಕೊಟ್ಟಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಐಟಿ ಪಠ್ಯಪುಸ್ತಕ ಕನ್ನಡದಲ್ಲಿದೆ, ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯೂ ಇದೇ ಲಿನಕ್ಸಿನ ಮೇಲೆ. ಆ ಮಕ್ಕಳಿಗೆ ವಿಂಡೋಸಿನಿಂದ ‘ಬದಲಾಗುವ’ ಪ್ರಮೇಯವೇ ಬರಲಿಲ್ಲ. ನಮ್ಮಲ್ಲಿಯೂ 2011ರ ಹೊತ್ತಿಗೆ ಶುರುವಾದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು, ಜಿಯೋಜೀಬ್ರಾ ಕಲಿಸಿದ್ದುಂಟು. ಕೇರಳದಲ್ಲಿ ಪಠ್ಯ, ಪರೀಕ್ಷೆ, ಯಂತ್ರ ಮೂರೂ ಒಂದೇ ದಾರಿಯಲ್ಲಿದ್ದವು; ಇಲ್ಲಿ ತರಬೇತಿ ಒಂದೇ ಆ ದಾರಿ ಹಿಡಿಯಿತು.

ಮನೆಯ ಹಳೆಯ ಯಂತ್ರದಲ್ಲಿ ನೋಡಬೇಕೆನ್ನುವವರಿಗೆ ಲಿನಕ್ಸ್ ಮಿಂಟ್ ಸಲೀಸು. ಎಡಮೂಲೆಯ ಮೆನು, ಕೆಳಗಿನ ಪಟ್ಟಿ ಎಲ್ಲ ವಿಂಡೋಸಿನ ಕಣ್ಣಿಗೆ ಪರಿಚಿತ. ಕಡತದ ಗಾತ್ರ ಸುಮಾರು 3 ಜಿಬಿ, ಅಂದರೆ ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಎರಡು ದಿನದ ಪಾಲು. 2005ರಿಂದ 2011ರವರೆಗೆ ಉಬುಂಟುವಿನವರು ಕೇಳಿದವರ ಮನೆಗೆ ಅಂಚೆಯಲ್ಲಿ ಸಿಡಿಯನ್ನೇ ಪುಕ್ಕಟೆ ಕಳಿಸುತ್ತಿದ್ದರು. ಆ ಕಾಲ ಹೋಯಿತು. ಪೆನ್‌ಡ್ರೈವಿಗೆ ಏರಿಸಿ, ಅದರಿಂದಲೇ ಕಂಪ್ಯೂಟರ್ ಆನ್ ಮಾಡಿದರೆ ಒಳಗಿನ ವಿಂಡೋಸನ್ನು ಮುಟ್ಟದೆ ಪೂರ್ತಿ ಲಿನಕ್ಸ್ ತೆರೆದುಕೊಳ್ಳುತ್ತದೆ. ವೈಫೈ ಹಿಡಿಯಿತೇ, ಪ್ರಿಂಟರ್ ಓಡಿತೇ, ಕಗಪದಲ್ಲಿ ಹೆಸರು ಬರೆಯಲು ಬಂತೇ, ಇಷ್ಟನ್ನು ಅಲ್ಲೇ ನೋಡಿಕೊಂಡು ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿದರೆ ಹಳೆಯದು ಹಾಗೇ ಇರುತ್ತದೆ. ‘ಇನ್‌ಸ್ಟಾಲ್’ ಒತ್ತುವಾಗ ಮಾತ್ರ ಎಚ್ಚರ: ಡಿಸ್ಕ್ ಅಳಿಸುವ ಆಯ್ಕೆಗೆ ಹೂಂ ಅಂದರೆ ಮಕ್ಕಳ ಜಾವಳದ ಫೋಟೊ ಸಮೇತ ಎಲ್ಲ ಹೋಗುತ್ತದೆ.

ಇಷ್ಟರ ನಡುವೆ ಹೊಸದೊಂದು ಬಂದಿದೆ. ರಾಜ್ಯದ ಐಟಿ-ಬಿಟಿ ಸಚಿವ ಪ್ರಿಯಾಂಕ್ ಖರ್ಗೆ ಚಿತ್ತಾಪುರದ ಶಾಸಕರು. ಅವರ ಇಲಾಖೆ ಮತ್ತು ಕಿಯೋನಿಕ್ಸ್ 2025ರ ನವೆಂಬರಿನ ಬೆಂಗಳೂರು ಟೆಕ್ ಶೃಂಗದಲ್ಲಿ ‘ಕಿಯೋ’ ಎಂಬ ಪುಟ್ಟ ಕಂಪ್ಯೂಟರನ್ನು ಮುಂದಿಟ್ಟವು. ಬೆಲೆ 18,999 ರೂಪಾಯಿ. ರಾಜ್ಯದ ಪಠ್ಯಕ್ರಮ ಬಲ್ಲ ‘ಬುದ್ಧ್’ ಎಂಬ ಎಐ ಸಹಾಯಕ ಅದರೊಳಗಿದೆ, ನಡೆಯುವುದು ಲಿನಕ್ಸ್ ಮೇಲೆ. ಅದರ ಪ್ರೊಸೆಸರ್ ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ್ದು. ಆ ವಿನ್ಯಾಸಕ್ಕೆ ಮೈಕ್ರೋಸಾಫ್ಟ್ ವಿಂಡೋಸನ್ನೇ ಮಾಡಿಲ್ಲ. ಇಂಥ ಯಂತ್ರವನ್ನು ಮನೆಗೆ ತಂದವರಿಗೆ ‘ಬ್ಯಾಡ್ರಿ, ಇದನ್ನ ತೆಗೆದು ವಿಂಡೋಸ್ ಹಾಕಿಕೊಡ್ರಿ’ ಎಂದು ಅಂಗಡಿಗೆ ಹೋಗುವ ದಾರಿಯಿಲ್ಲ. ಟ್ಯಾಲಿ ಬರುವುದಿಲ್ಲ, ವಿಂಡೋಸಿನ ನುಡಿಯೂ ಬರುವುದಿಲ್ಲ. ಕಗಪ ಕೀಲಿಮಣೆ ಲಿನಕ್ಸಿನ ಜೊತೆಗೇ ಬರುವಂಥದ್ದು. ಪೆನ್‌ಡ್ರೈವಿನಲ್ಲಿ ತಂದ ಹಳೆಯ ಪ್ರಶ್ನೆಪತ್ರಿಕೆ ಮಾತ್ರ, ಯೂನಿಕೋಡಿಗೆ ಮಾಡಿರದಿದ್ದರೆ, ಅಲ್ಲಿಯೂ ಪೌಂಡು, ಪಿ, ಕ್ಯೂ ಎಂದೇ ತೆರೆದುಕೊಳ್ಳುತ್ತದೆ.