ಮಹಾಮಾರಿ, ಮಕ್ಕಳ ವಿದ್ಯೆ ಮತ್ತು ನಮ್ಮ ವಿಶ್ವಾಸ

ಸಯನ್‌ನಲ್ಲಿ ವಾಸಿಸುವ ನಮ್ಮಂಥವರಿಗೆ ಸಾಂಕ್ರಾಮಿಕ ರೋಗವು ಹೊಸ ಸಂಗತಿಯೇನಲ್ಲ. ಊರು ಹಳೆಯದಾದರೂ ಇಂದಿನ ಬಡಾವಣೆ ಬೆಳೆದುದು ಒಂದು ಮಹಾಮಾರಿಯ ದೆಸೆಯಿಂದಲೇ. 1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದನ್ನು ಗುರುತಿಸಿ ಧೈರ್ಯವಾಗಿ ಸಾರಿದವರು ಗೋವೆ ಮೂಲದ ಕ್ರೈಸ್ತ ವೈದ್ಯರಾದ ಡಾ. ಅಕಾಸಿಯೊ ವಿಯೆಗಾಸ್. ಇಕ್ಕಟ್ಟಾದ ಕೇರಿಗಳಲ್ಲಿ ರೋಗ ಹಬ್ಬುವುದನ್ನು ಕಂಡ ಸರಕಾರವು 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ದಾದರ್, ಮಾಟುಂಗಾ, ಸಯನ್‌ಗಳ ಅಗಲವಾದ ರಸ್ತೆಗಳಿಗೂ ಗಾಳಿಬೆಳಕಿನ ಮನೆಗಳಿಗೂ ಆ ಟ್ರಸ್ಟಿನ ಯೋಜನೆಗಳೇ ಮೂಲ.

ಅಂಥ ಸಯನ್‌ನಲ್ಲಿದ್ದುಕೊಂಡೇ ನಾವು 2020ನೆಯ ಇಸವಿಯನ್ನು ಕಂಡೆವು. ಮಾರ್ಚ್ ನಡುವಿನಲ್ಲಿ ಶಾಲೆಗಳು ಮುಚ್ಚಿದವು. 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಏಪ್ರಿಲ್ 1ರಂದು ನೆರೆಯ ಧಾರಾವಿಯಲ್ಲಿ ಕೊರೋನಾದ ಮೊದಲ ರೋಗಿ ಪತ್ತೆಯಾದ. ಏಪ್ರಿಲ್ 10ರ ಶುಭ ಶುಕ್ರವಾರ, 12ರ ಈಸ್ಟರ್ ಹಬ್ಬ ಎರಡೂ ಮುಚ್ಚಿದ ದೇವಾಲಯಗಳ ಹೊರಗೇ ಕಳೆದವು. ಹತ್ತನೆಯ ತರಗತಿಯ ಮಕ್ಕಳಿಗೆ ಭೂಗೋಳದ ಪರೀಕ್ಷೆಯೊಂದು ಉಳಿದಿತ್ತು; ಅದೂ ರದ್ದಾಯಿತು. ಮರುವರ್ಷವಂತೂ ಹತ್ತನೆಯ ತರಗತಿಯ ಇಡೀ ಪರೀಕ್ಷೆಯೇ ನಡೆಯಲಿಲ್ಲ.

ಮಂಗಳೂರು, ಉಡುಪಿ, ಧಾರವಾಡ, ಬೆಟಗೇರಿಗಳ ಕಡೆಯಿಂದ ಬಂದು ಈ ನಗರದಲ್ಲಿ ನೆಲೆಸಿದ ಕ್ರೈಸ್ತ ಕುಟುಂಬಗಳಿಗೆ ಈ ಪೆಟ್ಟು ಇಮ್ಮಡಿಯಾಗಿ ತಗಲಿತು. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದಂದಿನಿಂದ ದೇವಾಲಯವೂ ಶಾಲೆಯೂ ಒಂದೇ ಅಂಗಳದಲ್ಲಿ ಬೆಳೆದುದನ್ನು ಕಂಡ ಮನೆತನಗಳು ನಮ್ಮವು. ಎರಡೂ ಒಟ್ಟಿಗೆ ಮುಚ್ಚಿದಾಗ, ಬೋಧಕರ ಕೆಲಸವೂ ಉಪಾಧ್ಯಾಯರ ಕೆಲಸವೂ ತಾಯಿತಂದೆಗಳ ತಲೆಯ ಮೇಲೆಯೇ ಬಂದವು. ಒಂದೇ ಕೋಣೆ, ಒಂದೇ ಫೋನು, ಓದುವ ಮಕ್ಕಳು ಇಬ್ಬರು. ಸಂಬಳ ಬಂದರೆ ಬಂತು, ಇಲ್ಲವಾದರೆ ಇಲ್ಲ. ಇಂಥ ಮನೆಗಳು ನಮ್ಮ ಸುತ್ತಲೂ ಎಷ್ಟಿರಲಿಲ್ಲ!

ಆಗ ಎರಡು ಬಗೆಯ ಮಾತುಗಳು ನಮ್ಮ ಕಿವಿಗೆ ಬಿದ್ದವು. ವಿಶ್ವಾಸವಿದ್ದವರನ್ನು ರೋಗ ಮುಟ್ಟದು ಎಂದರು ಕೆಲವರು. ಇಷ್ಟು ವರ್ಷ ಪ್ರಾರ್ಥಿಸಿ ಫಲವೇನು, ಮಗನ ವರ್ಷ ಹಾಳಾಯಿತಲ್ಲ ಎಂದರು ಇನ್ನು ಕೆಲವರು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ. ಆದರೆ ಬೇರು ಒಂದೇ. ಇಬ್ಬರೂ ವಿಶ್ವಾಸವನ್ನು ಕಂತು ಕಟ್ಟಿದ ವಿಮೆಯೆಂದು ಎಣಿಸಿದವರು. ವಿಶ್ವಾಸವೆಂದರೆ ಕಷ್ಟ ಬಾರದೆಂಬ ಕರಾರು ಅಲ್ಲ. ಕಷ್ಟ ಬಂದಾಗಲೂ ದೇವರಿಗೆ, ನೆರೆಯವನಿಗೆ, ಮಕ್ಕಳಿಗೆ ಕೊಟ್ಟ ಮಾತನ್ನು ಬಿಡದಿರುವುದು.

ಇದು ಹೊಸ ಬೋಧನೆಯೇನೂ ಅಲ್ಲ. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗಿಗೆ ಪ್ಲೇಗು ಬಂದಾಗ ಅಲ್ಲಿಯ ವಿಶ್ವವಿದ್ಯಾನಿಲಯವು ವಿದ್ಯಾರ್ಥಿಗಳೊಡನೆ ಯೇನಾ ನಗರಕ್ಕೆ ಸ್ಥಳಾಂತರ ಹೊಂದಿತು. ಮಾರ್ಟಿನ್ ಲೂಥರ್ ಮಾತ್ರ ಗರ್ಭಿಣಿ ಹೆಂಡತಿಯೊಡನೆ ಅಲ್ಲೇ ಉಳಿದು ರೋಗಿಗಳನ್ನು ನೋಡಿಕೊಂಡರು. ಆಗ ಅವರು ಬರೆದ ಬಹಿರಂಗ ಪತ್ರದ ಸಾರ ಇಷ್ಟು: ಔಷಧಿ ಸೇವಿಸಿರಿ, ಮನೆಯನ್ನು ಶುದ್ಧಮಾಡಿರಿ, ಅಗತ್ಯವಿಲ್ಲದೆಡೆಗೆ ಹೋಗದಿರಿ, ಔಷಧಿಯನ್ನು ತಿರಸ್ಕರಿಸುವುದು ದೇವರನ್ನು ಪರೀಕ್ಷಿಸಿದಂತೆ, ಆದರೆ ನೆರೆಯವನಿಗೆ ನಿಮ್ಮ ಅಗತ್ಯ ಬಿದ್ದಾಗ ಅವನನ್ನು ಕೈಬಿಡಬೇಡಿರಿ. ವಿದ್ಯಾರ್ಥಿಗಳು ಊರು ಬಿಟ್ಟುದೂ ತಪ್ಪಲ್ಲ, ಲೂಥರ್ ಉಳಿದುದೂ ಹಟವಲ್ಲ. ಅವರವರ ಹೊಣೆಯನ್ನು ಅವರವರು ಅರಿತಿದ್ದರು.

ಹಾಗಾದರೆ ಶಾಲೆಗೆ ಹೋಗುವ ಮಕ್ಕಳ ತಾಯಿತಂದೆಗಳ ಹೊಣೆ ಯಾವುದು? ನಮಗೆ ತೋರುವಂತೆ, ಆ ವರ್ಷಗಳಲ್ಲಿ ವಿಶ್ವಾಸದ ನಿಜವಾದ ಪರೀಕ್ಷೆ ನಡೆದುದು ಮುಚ್ಚಿದ ದೇವಾಲಯದಲ್ಲಿ ಅಲ್ಲ; ಮಗುವಿನ ಕುರ್ಚಿಯ ಹಿಂದೆ. ಮನೆಯಲ್ಲೇ ಕುಳಿತು ಫೋನಿನಲ್ಲಿ ಪರೀಕ್ಷೆ ಬರೆಯುವ ಮಗುವಿಗೆ ಉತ್ತರವನ್ನು ಪಿಸುಗುಟ್ಟುವುದು ಎಷ್ಟು ಸುಲಭ! ಮೇಲ್ವಿಚಾರಕರಿಲ್ಲ, ನೋಡುವವರಿಲ್ಲ; ಎಲ್ಲರೂ ಹಾಗೆಯೇ ಮಾಡುತ್ತಾರೆಂಬ ಸಮಾಧಾನ ಬೇರೆ. ಬೆಳಿಗ್ಗೆ ಮಗುವಿನೊಡನೆ ಮೊಣಕಾಲೂರಿ ಪ್ರಾರ್ಥಿಸಿ, ಮಧ್ಯಾಹ್ನ ಅದರ ಕಿವಿಯಲ್ಲಿ ಉತ್ತರ ಊದಿದರೆ, ಮಗು ಕಲಿಯುವ ಪಾಠ ಯಾವುದು? ಕಚೇರಿಯಲ್ಲಿ ದಿನವೂ ಪ್ರಮಾಣಪತ್ರಗಳನ್ನು ತಿರುವಿಹಾಕುವ ನಮಗೆ ಅಂಕಗಳ ಬೆಲೆ ತಿಳಿಯದೆ ಇಲ್ಲ. ಆದರೂ ಆ ಹೊತ್ತಿನಲ್ಲಿ ಎದ್ದು ಅಡಿಗೆಮನೆಗೆ ಹೋದ ತಾಯಿಯರನ್ನು ನಾವು ಬಲ್ಲೆವು. ಅವರ ಮಕ್ಕಳಿಗೆ ನಾಲ್ಕು ಅಂಕ ಕಡಿಮೆ ಬಂದಿರಬಹುದು. ಮನೆಯ ಪ್ರಾರ್ಥನೆ ಮಾತ್ರ ಸುಳ್ಳಾಗಲಿಲ್ಲ.

ಭಯದ ವಿಷಯದಲ್ಲೂ ಹೀಗೆಯೇ. ನಮಗೇನೂ ಆಗುವುದಿಲ್ಲ ಎಂದು ಮಕ್ಕಳಿಗೆ ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಏನೇ ಆದರೂ ನಿನ್ನನ್ನು ಕೈಬಿಡುವವರಿಲ್ಲ ಎಂದು ಹೇಳಬಹುದಾಗಿತ್ತು. ಸಯನ್ ಆಸ್ಪತ್ರೆಯ ದಾದಿಯರಿಗಾಗಿ, ಧಾರಾವಿಯಲ್ಲಿ ಮನೆಮನೆಗೆ ಹೋಗಿ ಜ್ವರ ನೋಡಿದವರಿಗಾಗಿ ಮಕ್ಕಳಿಂದಲೇ ಪ್ರಾರ್ಥನೆ ಹೇಳಿಸಿದ ಮನೆಗಳಲ್ಲಿ ಭಯವು ಕರುಣೆಯಾಗಿ ಮಾರ್ಪಟ್ಟಿತು. ಇಬ್ಬರು ಹೆತ್ತವರನ್ನೂ ಕಳೆದುಕೊಂಡ ಮಕ್ಕಳ ಹೆಸರಿನಲ್ಲಿ ಮಹಾರಾಷ್ಟ್ರ ಸರಕಾರವು ತಲಾ 5 ಲಕ್ಷ ರೂಪಾಯಿ ಠೇವಣಿ ಇಡಲು 2021ರಲ್ಲಿ ನಿರ್ಧರಿಸಿತು. ಅದು ಸ್ತುತ್ಯವೇ. ಆದರೆ ಸಂಜೆ ಅಂಥ ಮಗುವಿನ ಪಕ್ಕದಲ್ಲಿ ಕುಳಿತು ಪಾಠ ಕೇಳುವ ಕೆಲಸವನ್ನು ಸರಕಾರ ಮಾಡಲಾರದು. ಅದು ಸಭೆಯ ಕೆಲಸ, ಸಂಘದ ಕೆಲಸ, ನೆರೆಮನೆಯವರ ಕೆಲಸ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಆ ರೋಗದ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಅಂದು ಭೂಗೋಳದ ಪರೀಕ್ಷೆ ತಪ್ಪಿಸಿಕೊಂಡ ಮಕ್ಕಳು ಇಂದು ಬೆಳೆದು ನಿಂತಿದ್ದಾರೆ. ಆ ವರ್ಷದ ಅಂಕಗಳನ್ನು ಈಗ ಕೇಳುವವರು ಅಪರೂಪ. ತಾಯಿತಂದೆಗಳು ಆಗ ಹೇಗೆ ನಡೆದುಕೊಂಡರೆಂಬುದನ್ನು ಮಾತ್ರ ಆ ಮಕ್ಕಳು ಮರೆತಿಲ್ಲ. ಇನ್ನೊಂದು ಕೆಟ್ಟ ಕಾಲ ಎಂದಾದರೂ ಬಂದೀತು. ಬಂದಾಗ ಔಷಧಿಯನ್ನೂ ಬಿಡದೆ, ಪ್ರಾರ್ಥನೆಯನ್ನೂ ಬಿಡದೆ, ಮಕ್ಕಳ ಮುಂದೆ ಸತ್ಯವನ್ನೂ ಬಿಡದೆ ನಡೆಯೋಣ. ಈ ಮಾತು ನಮ್ಮ ಕ್ರೈಸ್ತ ಬಂಧುಗಳನ್ನು ಉದ್ದೇಶಿಸಿದ್ದಾದರೂ, ಮಕ್ಕಳುಳ್ಳ ಯಾವ ಮನೆಗೂ ಒಪ್ಪೀತೆಂದು ನಮ್ಮ ನಂಬಿಕೆ.