ಹಳೇ ಕೇಸು, ಹೊಸ ಕೆಲಸ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹುಡುಗರು ನಸುಕಿನಲ್ಲೇ ಎದ್ದು ಓಡುವುದನ್ನು ನೀವು ನೋಡಿರಬಹುದು. ಪೊಲೀಸ್ ಆಗಬೇಕು, ಸಿ.ಆರ್.ಪಿ.ಎಫ್. ಸೇರಬೇಕು ಎಂಬ ಆಸೆ. ಓಟ ಪಾಸು. ಪರೀಕ್ಷೆಯೂ ಪಾಸು. ಕೊನೆಗೆ ಒಂದು ಫಾರ್ಮು ಬರುತ್ತದೆ. ನಿಮ್ಮ ಮೇಲೆ ಪೊಲೀಸ್ ಕೇಸ್ ಆಗಿತ್ತೇ ಎಂದು ಅದರಲ್ಲಿ ಕೇಳಿರುತ್ತಾರೆ.

ಊರಲ್ಲಿ ಬದುವಿನ ಜಗಳ, ಕಾಲುವೆ ನೀರಿನ ಜಗಳ ಇದ್ದದ್ದೇ. ಸಿಟ್ಟಿನಲ್ಲಿ ಮನೆಮಂದಿಯ ಹೆಸರನ್ನೆಲ್ಲ ಕೇಸಿನಲ್ಲಿ ಬರೆಸುತ್ತಾರೆ. ಆಮೇಲೆ ರಾಜಿ ಆಗುತ್ತದೆ. "ಕೇಸ್ ಮುಗದೈತಿ, ಇಲ್ಲ ಅಂತ ಬರಿಯೋ ತಮ್ಮಾ" ಎಂದು ಹಿರಿಯರು ಹೇಳುತ್ತಾರೆ. ಹುಡುಗ ಹಾಗೇ ಬರೆಯುತ್ತಾನೆ. ಕೆಲಸ ಕೆಡುವುದು ಇಲ್ಲೇ.

ವಿಚಾರಣೆ ಠಾಣೆಗೆ ಬರುತ್ತದೆ. ಠಾಣೆಯ ದಾಖಲೆಯಲ್ಲಿ ಹಳೇ ಕೇಸು ಸಿಗುತ್ತದೆ. ಸುಳ್ಳು ಬರೆದಿದ್ದಾನೆ ಎಂದು ಹೆಸರು ತೆಗೆಯುತ್ತಾರೆ. ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ.

ಆಗ ದಾರಿಯೇ ಇಲ್ಲವೇ? ಇದೆ. 2016ರಲ್ಲಿ ಅವತಾರ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸಾದರೆ, ಮುಚ್ಚಿಟ್ಟಿದ್ದರೂ ಅಧಿಕಾರಿ ಮನ್ನಿಸಬಹುದು. ಫಾರ್ಮಿನಲ್ಲಿ ಕೇಳದೇ ಇದ್ದದ್ದನ್ನು ಬರೆಯಲಿಲ್ಲ ಎಂದು ತಪ್ಪು ಹೊರಿಸುವಂತಿಲ್ಲ. ಆದರೆ ನಿಜ ಬರೆದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಎಂದೂ ಇಲ್ಲ. ಕೇಸು ಖುಲಾಸೆ ಆಗಿದ್ದರೆ, ಹೇಗೆ ಆಯಿತು ಎಂದೂ ನೋಡುತ್ತಾರೆ. ಸಾಕ್ಷಿ ತಿರುಗಿ ಬಿದ್ದು ಬಿಟ್ಟದ್ದು ಬೇರೆ, ತಪ್ಪೇ ಮಾಡಿಲ್ಲ ಎಂದು ಬಿಟ್ಟದ್ದು ಬೇರೆ.

ಹೆಸರು ತೆಗೆದರೆ ಮೊದಲು ಆದೇಶವನ್ನು ಬರಹದಲ್ಲಿ ಕೇಳಿರಿ. ಬಾಯಿಮಾತು ಸಾಲದು. ಕಾರಣ ಏನು ಬರೆದಿದ್ದಾರೆ? ನಿಧಾನವಾಗಿ ಓದಿರಿ. ಕೋರ್ಟಿನಿಂದ ತೀರ್ಪಿನ ನಕಲು ತೆಗೆಸಿರಿ. ಅದನ್ನು ಲಗತ್ತಿಸಿ, ನೇಮಕ ಮಾಡುವ ಅಧಿಕಾರಿಗೆ ಮನವಿ ಕಳಿಸಿರಿ. ಸ್ಪೀಡ್ ಪೋಸ್ಟಿನ ರಸೀದಿ ಕಳೆಯಬೇಡಿ.

ಅಧಿಕಾರಿ ಒಪ್ಪಲಿಲ್ಲವೇ? ರಾಜ್ಯ ಪೊಲೀಸ್ ಕೆಲಸವಾದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ಅದರ ಪೀಠ ಬೆಳಗಾವಿಯಲ್ಲೂ ಇದೆ. ಕೊನೆಯ ಆದೇಶ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಸಿ.ಆರ್.ಪಿ.ಎಫ್. ಕೆಲಸವಾದರೆ ಧಾರವಾಡದ ಹೈಕೋರ್ಟ್ ಪೀಠ.

"ವಕೀಲರಿಗೆ ರೊಕ್ಕ ಎಲ್ಲಿಂದ ತರೂದ್ರಿ?" ಎನ್ನುತ್ತೀರಿ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಆದಾಯ ಕಡಿಮೆ ಇದ್ದವರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಹೋಗುವಾಗ ಆದೇಶ, ತೀರ್ಪು, ತುಂಬಿದ ಫಾರ್ಮಿನ ಜೆರಾಕ್ಸ್ ಮೂರೂ ಕೈಯಲ್ಲಿರಲಿ. ಫಾರ್ಮು ಕೊಡುವ ಮೊದಲೇ ಜೆರಾಕ್ಸ್ ತೆಗೆದಿಟ್ಟುಕೊಳ್ಳಿರಿ. ಕೊಟ್ಟ ಮೇಲೆ ಸಿಗುವುದು ಕಷ್ಟ.