ಆರೋಗ್ಯ ವಿಜ್ಞಾನ ವಿದ್ಯಾರ್ಥಿಗಳಿಗೆ ಹೆಪಟೈಟಿಸ್ ಬಿ ಲಸಿಕೆ

ಹೆಪಟೈಟಿಸ್ ಬಿ ಲಸಿಕೆಯು ಯಕೃತ್ತಿಗೆ ತಗಲುವ ವೈರಾಣು ಸೋಂಕನ್ನು ತಡೆಯುತ್ತದೆ. ವೈದ್ಯಕೀಯ, ದಂತವೈದ್ಯಕೀಯ, ಶುಶ್ರೂಷೆ ಮತ್ತು ಪ್ರಯೋಗಾಲಯ ತಂತ್ರಜ್ಞಾನದ ವಿದ್ಯಾರ್ಥಿಗಳು ರೋಗಿಗಳ ರಕ್ತದ ಸಂಪರ್ಕಕ್ಕೆ ಬರುವುದರಿಂದ, ಆಸ್ಪತ್ರೆಯ ತರಬೇತಿಗೆ ಮೊದಲೇ ಈ ಲಸಿಕೆಯನ್ನು ಪೂರ್ಣಗೊಳಿಸುವುದು ಅಗತ್ಯವೆಂದು ಪರಿಗಣಿಸಲಾಗಿದೆ.

ಅಪಾಯ

ಈ ವೈರಾಣು ರಕ್ತ ಹಾಗೂ ದೇಹದ್ರವಗಳ ಮೂಲಕ ಹರಡುತ್ತದೆ. ಆಹಾರ, ನೀರು ಅಥವಾ ಕೈಕುಲುಕುವಿಕೆಯಿಂದ ಹರಡುವುದಿಲ್ಲ. ಒಣಗಿದ ರಕ್ತದಲ್ಲಿಯೂ ಅದು ಕನಿಷ್ಠ 7 ದಿನ ಜೀವಂತವಾಗಿರಬಲ್ಲದು. ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿಕೊಂಡಾಗ, ರೋಗನಿರೋಧಕತೆ ಇಲ್ಲದವರಿಗೆ ಸೋಂಕು ತಗಲುವ ಸಂಭವ ಶೇ. 6ರಿಂದ 30ರಷ್ಟಿದೆ. ಎಚ್‌ಐವಿಯಲ್ಲಿ ಇದು ಸುಮಾರು ಶೇ. 0.3 ಮಾತ್ರ. ದೀರ್ಘಕಾಲ ಉಳಿಯುವ ಸೋಂಕು ಸಿರೋಸಿಸ್ ಮತ್ತು ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗಬಹುದು.

ಕರ್ನಾಟಕದಲ್ಲಿ

ಭಾರತದಲ್ಲಿಯೇ ಅಭಿವೃದ್ಧಿಪಡಿಸಿದ ಮೊದಲ ಪುನಸ್ಸಂಯೋಜಿತ ಹೆಪಟೈಟಿಸ್ ಬಿ ಲಸಿಕೆಯನ್ನು ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು 1997ರಲ್ಲಿ ಬಿಡುಗಡೆ ಮಾಡಿತು. ಶಿಶುಗಳಿಗೆ ಈ ಲಸಿಕೆ ನೀಡುವ ಸರ್ಕಾರಿ ಕಾರ್ಯಕ್ರಮವು 2007–08ರಲ್ಲಿ ಕರ್ನಾಟಕವೂ ಸೇರಿದಂತೆ 10 ರಾಜ್ಯಗಳಿಗೆ ವಿಸ್ತರಣೆಗೊಂಡು, 2011ರಲ್ಲಿ ದೇಶವ್ಯಾಪಿಯಾಯಿತು. ಅದಕ್ಕಿಂತ ಮೊದಲು ಜನಿಸಿದ ಅನೇಕರಿಗೆ ಶೈಶವದಲ್ಲಿ ಲಸಿಕೆ ದೊರೆತಿಲ್ಲ. ಹೀಗಾಗಿ ಕೆ.ಜಿ.ಎಫ್., ಬಂಗಾರಪೇಟೆ ಮೊದಲಾದ ಊರುಗಳಿಂದ ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನಂತಹ ಸಂಸ್ಥೆಗಳಿಗೆ ಸೇರುವವರು ತಮ್ಮ ಲಸಿಕಾ ದಾಖಲೆಯನ್ನು ಪರಿಶೀಲಿಸಿಕೊಳ್ಳಬೇಕಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವು ಆರೋಗ್ಯ ಕಾರ್ಯಕರ್ತರ ಲಸಿಕೀಕರಣವನ್ನೂ ಒಳಗೊಂಡಿದೆ.

ಲಸಿಕಾ ಕ್ರಮ

ಸಾಮಾನ್ಯವಾಗಿ 0, 1 ಮತ್ತು 6ನೆಯ ತಿಂಗಳಲ್ಲಿ ಮೂರು ಡೋಸ್‌ಗಳನ್ನು ಮೇಲ್ತೋಳಿನ ಸ್ನಾಯುವಿಗೆ ನೀಡಲಾಗುತ್ತದೆ. ಪೂರ್ಣಗೊಳ್ಳಲು ಆರು ತಿಂಗಳು ಬೇಕಾಗುವುದರಿಂದ, ಕಾಲೇಜಿಗೆ ಪ್ರವೇಶ ಪಡೆದ ಕೂಡಲೇ ಆರಂಭಿಸುವುದು ಸೂಕ್ತ. ಒಂದು ಡೋಸ್ ತಡವಾದರೆ ಉಳಿದುದನ್ನು ಮುಂದುವರಿಸಿದರೆ ಸಾಕು, ಮೊದಲಿನಿಂದ ಆರಂಭಿಸಬೇಕಿಲ್ಲ.

ಕೊನೆಯ ಡೋಸ್‌ನ 1–2 ತಿಂಗಳ ಬಳಿಕ ರಕ್ತದಲ್ಲಿನ ಪ್ರತಿಕಾಯವನ್ನು ಅಳೆಯಲಾಗುತ್ತದೆ. ಪ್ರತಿ ಮಿಲಿಲೀಟರಿಗೆ 10 ಮಿಲಿ ಅಂತಾರಾಷ್ಟ್ರೀಯ ಘಟಕ ಅಥವಾ ಹೆಚ್ಚಿದ್ದರೆ ರಕ್ಷಣೆ ಲಭಿಸಿದೆಯೆಂದು ಅರ್ಥ. ಕಡಿಮೆಯಿದ್ದರೆ ಲಸಿಕೆಯನ್ನು ಪುನಃ ನೀಡಿ, ಮತ್ತೆ ಪರೀಕ್ಷಿಸಲಾಗುತ್ತದೆ.

ಸೂಜಿ ಚುಚ್ಚಿಕೊಂಡಾಗ

ಗಾಯವನ್ನು ಸಾಬೂನು ಮತ್ತು ನೀರಿನಿಂದ ತೊಳೆದು, ತಕ್ಷಣ ಮೇಲ್ವಿಚಾರಕರಿಗೆ ತಿಳಿಸಬೇಕು. ರೋಗನಿರೋಧಕತೆ ದೃಢಪಟ್ಟವರಿಗೆ ಹೆಪಟೈಟಿಸ್ ಬಿ ಸಂಬಂಧವಾಗಿ ಮುಂದಿನ ಚಿಕಿತ್ಸೆ ಬೇಕಾಗುವುದಿಲ್ಲ. ಲಸಿಕೆ ಪಡೆಯದವರಿಗೆ, ರೋಗಿಯು ಸೋಂಕಿತನಾಗಿದ್ದಲ್ಲಿ, ಇಮ್ಯುನೊಗ್ಲಾಬ್ಯುಲಿನ್ ಹಾಗೂ ಲಸಿಕೆಯ ಮೊದಲ ಡೋಸ್ ಅನ್ನು ಸಾಧ್ಯವಾದಷ್ಟು ಬೇಗ, ಮೇಲಾಗಿ 24 ಗಂಟೆಗಳೊಳಗೆ ನೀಡಲಾಗುತ್ತದೆ. ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಸೋಂಕಿಗೆ ಲಸಿಕೆ ಇಲ್ಲದ ಕಾರಣ ಅವುಗಳ ಪರೀಕ್ಷೆಯನ್ನು ಎಲ್ಲರಿಗೂ ಪ್ರತ್ಯೇಕವಾಗಿ ನಡೆಸಬೇಕಾಗುತ್ತದೆ.